ಪ್ರತಿಜ್ಞೆಯ ಪಾಠ, ಓದಿನ ಪಾಠ

ಎರಡು ವರ್ಷಗಳ ಹಿಂದೆ, ಜೂನ್ 26ರಂದು, ನಮ್ಮೂರಿಗೆ ಹತ್ತಿರದ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಮಾದಕ ವಸ್ತು ವಿರೋಧಿ ದಿನದ ಕಾರ್ಯಕ್ರಮವಿತ್ತು. ಪೇಟೆಯ ಕಾಲೇಜಿನಿಂದ ಹತ್ತು ಹನ್ನೆರಡು ಮಂದಿ ಸ್ವಯಂಸೇವಕ ವಿದ್ಯಾರ್ಥಿಗಳು ಬಂದಿದ್ದರು. ಬ್ಯಾನರ್ ಕಟ್ಟಿದರು. ತಲೆಬುರುಡೆ, ಕಪ್ಪಾದ ಶ್ವಾಸಕೋಶ, ಸಿರಿಂಜು ಮುಂತಾದ ಚಿತ್ರಗಳನ್ನು ಗೋಡೆಗೆ ಅಂಟಿಸಿದರು. ಒಬ್ಬ ವಿದ್ಯಾರ್ಥಿ ಗಾಂಜಾದಿಂದ ಹಿಡಿದು ಹೆರಾಯಿನ್‌ವರೆಗೆ ಎಲ್ಲದರ ಹೆಸರು ಹೇಳಿ ವಿವರಿಸಿದ. ಒಂದು ಕಿರುನಾಟಕವೂ ಆಯಿತು. ಕೊನೆಗೆ ಒಂದರಿಂದ ಏಳನೆಯ ತರಗತಿಯವರೆಗಿನ ಮಕ್ಕಳೆಲ್ಲ ಎದ್ದು ನಿಂತು ಬಲಗೈ ಮುಂದಕ್ಕೆ ಚಾಚಿ ಪ್ರತಿಜ್ಞೆ ಮಾಡಿದರು. ಫೋಟೊ ತೆಗೆದದ್ದೂ ಆಯಿತು. ಊರಿನವನೆಂಬ ಕಾರಣಕ್ಕೆ ನನ್ನನ್ನೂ ವೇದಿಕೆಯಲ್ಲಿ ಕೂರಿಸಿದ್ದರು.

ಏನಾದರೂ ಕೇಳುವುದಿದ್ದರೆ ಕೇಳಿ ಎಂದಾಗ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. "ಅಕ್ಕಾ, ನನ್ನ ಅಪ್ಪ ಕುಡೀತಾರೆ. ಅವರು ಕೆಟ್ಟವರಾ?" ಎಂದು ಕೇಳಿದಳು. ಕೆಲವು ಮಕ್ಕಳು ನಕ್ಕರು. ಮೈಕ್ ಹಿಡಿದಿದ್ದ ವಿದ್ಯಾರ್ಥಿನಿ ಒಂದು ಕ್ಷಣ ತಬ್ಬಿಬ್ಬಾದಳು. ಆಮೇಲೆ, "ಕುಡಿಯಬೇಡಿ ಅಂತ ಅಪ್ಪನಿಗೆ ನೀನೇ ಹೇಳಬೇಕು, ಆಯ್ತಾ?" ಎಂದಳು. ಹುಡುಗಿ ತಲೆ ತಗ್ಗಿಸಿ ಕುಳಿತಳು. ಚಪ್ಪಾಳೆಯೊಂದಿಗೆ ಕಾರ್ಯಕ್ರಮ ಮುಗಿಯಿತು.

ಆ ವಿದ್ಯಾರ್ಥಿನಿಯ ತಪ್ಪೇನೂ ಇದರಲ್ಲಿಲ್ಲ. ಅವಳ ಕೈಗೆ ಕೊಟ್ಟಿದ್ದ ಪಾಠದಲ್ಲಿ ಆ ಪ್ರಶ್ನೆಗೆ ಜಾಗವೇ ಇರಲಿಲ್ಲ. ಮನೆಯೊಳಗಿನ ಅಮಲನ್ನು ತಡೆಯುವ ಹೊಣೆಯನ್ನು ಒಂಬತ್ತು ವರ್ಷದ ಮಗುವಿನ ಹೆಗಲಿಗೇರಿಸಿ ನಾವೆಲ್ಲ ಚಹಾ ಕುಡಿದು ಮನೆಗೆ ಬಂದೆವು. ಅಂದಿನಿಂದ ನನ್ನನ್ನು ಕಾಡುತ್ತಿರುವುದು ಈ ಪಾಠದ ಸ್ವರೂಪ. ಬ್ಯಾನರು, ಭಯದ ಚಿತ್ರ, ಪ್ರತಿಜ್ಞೆ, 'ಬೇಡ ಎನ್ನಿ' ಎಂಬ ಉಪದೇಶ: ಇದೆಲ್ಲ ನಮ್ಮಲ್ಲೇ ಹುಟ್ಟಿದ್ದಲ್ಲ. ಇದರ ಬಹುಪಾಲು ಅಚ್ಚು ತಯಾರಾದದ್ದು ಅಮೆರಿಕದ ಪ್ರಾಥಮಿಕ ಶಾಲೆಗಳಲ್ಲಿ. ಅಲ್ಲಿ ಅದನ್ನು ನಲವತ್ತು ವರ್ಷಗಳಿಂದ ಬಳಸಿದ್ದಾರೆ, ಅಳೆದಿದ್ದಾರೆ, ಬಹಳಷ್ಟನ್ನು ಕೈಬಿಟ್ಟಿದ್ದಾರೆ. ಅವರು ಕೈಬಿಟ್ಟದ್ದನ್ನು ನಾವು ಹೊಸದೆಂಬಂತೆ ಹಿಡಿದುಕೊಳ್ಳುವ ಮುನ್ನ ಆ ಕಥೆಯನ್ನು ಒಮ್ಮೆ ನೋಡುವುದು ಒಳ್ಳೆಯದು.

ಒಂದು ಪ್ರಶ್ನೆ, ಒಂದು ಘೋಷಣೆ

ಅಲ್ಲಿಯೂ ಕಥೆ ಶುರುವಾಗುವುದು ಒಬ್ಬ ಶಾಲಾ ಬಾಲಕಿಯ ಪ್ರಶ್ನೆಯಿಂದಲೇ. 1982ರಲ್ಲಿ ಅಧ್ಯಕ್ಷ ರೊನಾಲ್ಡ್ ರೇಗನ್ ಅವರ ಪತ್ನಿ ನ್ಯಾನ್ಸಿ ರೇಗನ್ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ನಗರದ ಲಾಂಗ್‌ಫೆಲೋ ಪ್ರಾಥಮಿಕ ಶಾಲೆಗೆ ಭೇಟಿ ಕೊಟ್ಟಿದ್ದರು. ಯಾರಾದರೂ ಮಾದಕ ವಸ್ತು ಕೊಟ್ಟರೆ ಏನು ಮಾಡಬೇಕು ಎಂದು ಒಬ್ಬ ಹುಡುಗಿ ಕೇಳಿದಳು. 'ಬೇಡ ಅಂದುಬಿಡು' ಎಂಬುದು ಅವರ ಉತ್ತರವಾಗಿತ್ತು. ಆ ಮಾತೇ ಮುಂದೆ ರಾಷ್ಟ್ರೀಯ ಘೋಷಣೆಯಾಯಿತು. ಅದರ ಹೆಸರಿನಲ್ಲಿ ಶಾಲೆ ಶಾಲೆಗಳಲ್ಲಿ ಮಕ್ಕಳ ಕ್ಲಬ್ಬುಗಳು ಹುಟ್ಟಿಕೊಂಡವು.

ಮರುವರ್ಷ, 1983ರಲ್ಲಿ, ಲಾಸ್ ಏಂಜಲೀಸ್‌ನ ಪೊಲೀಸ್ ಮುಖ್ಯಸ್ಥ ಡೆರಿಲ್ ಗೇಟ್ಸ್ ಅಲ್ಲಿನ ಶಾಲಾ ಆಡಳಿತದ ಜೊತೆ ಸೇರಿ 'ಡೇರ್' ಎಂಬ ಕಾರ್ಯಕ್ರಮವನ್ನು ಆರಂಭಿಸಿದರು. ಸಮವಸ್ತ್ರ ಧರಿಸಿದ ಪೊಲೀಸ್ ಅಧಿಕಾರಿ ಐದು ಅಥವಾ ಆರನೇ ತರಗತಿಗೆ ಬಂದು ವಾರಕ್ಕೊಂದರಂತೆ ಹದಿನೇಳು ಪಾಠ ಮಾಡುವುದು, ಕೊನೆಗೆ ಮಕ್ಕಳಿಂದ ಪ್ರತಿಜ್ಞೆ ಮಾಡಿಸಿ ಪ್ರಮಾಣಪತ್ರ, ಟೀ ಶರ್ಟು ಕೊಡುವುದು. ಅದು ಕಾಳ್ಗಿಚ್ಚಿನಂತೆ ಹಬ್ಬಿತು. ಒಂದು ಹಂತದಲ್ಲಿ ದೇಶದ ನಾಲ್ಕರಲ್ಲಿ ಮೂರು ಪಾಲು ಶಾಲಾ ಜಿಲ್ಲೆಗಳಲ್ಲಿ ಡೇರ್ ಇದೆ ಎಂದು ಅದರ ಸಂಸ್ಥೆ ಹೇಳಿಕೊಳ್ಳುತ್ತಿತ್ತು. ಇದೇ ಗೇಟ್ಸ್ 1990ರಲ್ಲಿ ಸೆನೆಟ್ ಸಮಿತಿಯ ಮುಂದೆ, ಮೋಜಿಗಾಗಿ ಆಗೊಮ್ಮೆ ಈಗೊಮ್ಮೆ ಮಾದಕ ವಸ್ತು ಬಳಸುವವರನ್ನು ಗುಂಡಿಕ್ಕಿ ಕೊಲ್ಲಬೇಕು ಎಂಬರ್ಥದ ಮಾತನ್ನಾಡಿದರು. ಮಕ್ಕಳ ತರಗತಿಗೆ ಕಳುಹಿಸಿದ ಪಾಠದ ಹಿಂದೆ ಎಂತಹ ಮನೋಭಾವವಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಮಾದಕ ವಸ್ತುವಿನ ಕೈಗೆ ಸಿಕ್ಕವನು ಈ ಪಾಠದಲ್ಲಿ ರೋಗಿಯಲ್ಲ, ಯಾರದೋ ಅಪ್ಪನಲ್ಲ, ಅಣ್ಣನಲ್ಲ. ಅವನು ಶತ್ರು.

ದೂರದರ್ಶನವೂ ಹಿಂದೆ ಬೀಳಲಿಲ್ಲ. 1987ರಲ್ಲಿ ಬಂದ ಒಂದು ಜಾಹೀರಾತು ಇಂದಿಗೂ ಪ್ರಸಿದ್ಧ. ಕಾದ ಬಾಣಲೆಗೆ ಮೊಟ್ಟೆ ಒಡೆದು ಹಾಕುತ್ತಾರೆ, ಅದು ಚುರುಗುಟ್ಟುತ್ತ ಬೇಯುತ್ತದೆ. ಅಮಲೇರಿದ ಮಿದುಳು ಹೀಗಾಗುತ್ತದೆ ಎಂಬುದು ಸಂದೇಶ. 1990ರ ಏಪ್ರಿಲ್ 21ರಂದು ಎಲ್ಲ ಪ್ರಮುಖ ವಾಹಿನಿಗಳು ಒಂದೇ ಹೊತ್ತಿಗೆ ಒಂದು ಕಾರ್ಟೂನ್ ಚಿತ್ರವನ್ನು ತೋರಿಸಿದವು. ಅಧ್ಯಕ್ಷ ಜಾರ್ಜ್ ಬುಷ್ ದಂಪತಿಯೇ ಪರದೆಯ ಮೇಲೆ ಬಂದು ಅದನ್ನು ಪರಿಚಯಿಸಿದರು. ಬಗ್ಸ್ ಬನ್ನಿ, ಗಾರ್ಫೀಲ್ಡ್, ವಿನ್ನಿ ದ ಪೂ ಮೊದಲಾದ ಮಕ್ಕಳ ಮೆಚ್ಚಿನ ಪಾತ್ರಗಳೆಲ್ಲ ಸೇರಿ ಮೈಕೆಲ್ ಎಂಬ ಹುಡುಗನನ್ನು ಗಾಂಜಾದಿಂದ ಬಿಡಿಸುವ ಕಥೆ ಅದು. ಅವನು ಪುಟ್ಟ ತಂಗಿಯ ಹುಂಡಿಯನ್ನೇ ಕದ್ದಿರುತ್ತಾನೆ. ಹೊಗೆಯೇ ರೂಪ ತಾಳಿ ಖಳನಾಗಿ ಅವನ ಬೆನ್ನು ಹತ್ತಿರುತ್ತದೆ.

ಅಚ್ಚುಕಟ್ಟಾಗಿ ತಯಾರಿಸಿದ ಚಿತ್ರ, ಉದ್ದೇಶವೂ ಒಳ್ಳೆಯದೇ. ಆದರೆ ಅದರ ಕಥೆ ಕಟ್ಟಿದ ರೀತಿಯನ್ನು ಗಮನಿಸಿ. ಪೀಡೆ ಹೊರಗಿನಿಂದ ಬರುತ್ತದೆ. ಅದಕ್ಕೊಂದು ಮುಖವಿದೆ, ಕೆಟ್ಟ ದನಿಯಿದೆ. ಒಳ್ಳೆಯವರು ಬುದ್ಧಿ ಹೇಳುತ್ತಾರೆ, ಹುಡುಗ ಪಶ್ಚಾತ್ತಾಪಪಡುತ್ತಾನೆ, ಪೀಡೆ ಓಡುತ್ತದೆ. ಅರ್ಧ ಗಂಟೆಯಲ್ಲಿ ಎಲ್ಲವೂ ಮುಗಿಯುತ್ತದೆ. ಅವನಿಗೆ ಓದಲು ಬರುತ್ತದೆಯೇ, ಶಾಲೆಯಲ್ಲಿ ಅವನನ್ನು ಹೆಸರು ಹಿಡಿದು ಕರೆದು ಮಾತಾಡಿಸುವ ಒಬ್ಬರಾದರೂ ಇದ್ದಾರೆಯೇ ಎಂಬ ಪ್ರಶ್ನೆಗಳು ಕಥೆಗೆ ಬೇಕಾಗಿಲ್ಲ. ನಮ್ಮ ಶಾಲೆಯ ಕಿರುನಾಟಕವೂ ಹೀಗೆಯೇ ಇತ್ತು. ಕಪ್ಪು ಬಟ್ಟೆ ತೊಟ್ಟ 'ಡ್ರಗ್ಸ್ ರಾಕ್ಷಸ'ನನ್ನು ಕೊನೆಗೆ ಎಲ್ಲರೂ ಸೇರಿ ಓಡಿಸಿದ್ದರು.

ಅಳೆದು ನೋಡಿದಾಗ

ಅಮೆರಿಕದವರ ಒಂದು ಗುಣವನ್ನು ಒಪ್ಪಿಕೊಳ್ಳಬೇಕು. ತಾವು ಹಣ ಸುರಿದ ಕೆಲಸದಿಂದ ಪ್ರಯೋಜನವಾಯಿತೇ ಎಂದು ಅಳೆಯುವವರೂ ಅಲ್ಲಿದ್ದಾರೆ. 1994ರಲ್ಲಿ ಸಂಶೋಧಕರು ಡೇರ್ ಬಗ್ಗೆ ಆವರೆಗೆ ನಡೆದ ಎಂಟು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಮಕ್ಕಳ ತಿಳಿವಳಿಕೆ ಹೆಚ್ಚಿತ್ತು. ಆದರೆ ಮಾದಕ ವಸ್ತುಗಳ ಬಳಕೆಯ ಮೇಲೆ ಆದ ಪರಿಣಾಮ ತೀರಾ ಅಲ್ಪ. ಕೆಂಟಕಿ ರಾಜ್ಯದಲ್ಲಿ ಆರನೇ ತರಗತಿಯ ಸುಮಾರು ಸಾವಿರ ಮಕ್ಕಳನ್ನು ಹತ್ತು ವರ್ಷ ಹಿಂಬಾಲಿಸಿದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಇಪ್ಪತ್ತರ ವಯಸ್ಸಿಗೆ ಬಂದಾಗ ಡೇರ್ ಪಾಠ ಕೇಳಿದವರಿಗೂ ಕೇಳದವರಿಗೂ ವ್ಯತ್ಯಾಸ ಕಾಣಲಿಲ್ಲ. ಇಲಿನಾಯ್ ರಾಜ್ಯದಲ್ಲಿ ನಡೆದು 1998ರಲ್ಲಿ ಪ್ರಕಟವಾದ ಆರು ವರ್ಷಗಳ ಅಧ್ಯಯನವಂತೂ ನಗರದಂಚಿನ ಬಡಾವಣೆಗಳ ಮಕ್ಕಳಲ್ಲಿ ಡೇರ್ ನಂತರ ಬಳಕೆ ಕೊಂಚ ಹೆಚ್ಚೇ ಇದ್ದುದನ್ನು ದಾಖಲಿಸಿತು. 2001ರಲ್ಲಿ ದೇಶದ ಸರ್ಜನ್ ಜನರಲ್ ವರದಿಯೇ ಡೇರ್ ಅನ್ನು ಫಲ ಕೊಡದ ಕಾರ್ಯಕ್ರಮಗಳ ಪಟ್ಟಿಗೆ ಸೇರಿಸಿತು.

ಜಾಹೀರಾತುಗಳ ಕಥೆಯೂ ಬೇರೆಯಲ್ಲ. 1998ರಿಂದ 2004ರವರೆಗೆ ಸುಮಾರು 100 ಕೋಟಿ ಡಾಲರ್ ವೆಚ್ಚದಲ್ಲಿ ಯುವಜನರಿಗಾಗಿ ಒಂದು ರಾಷ್ಟ್ರೀಯ ಪ್ರಚಾರ ನಡೆಯಿತು. ಅದರ ಮೌಲ್ಯಮಾಪನ 2008ರಲ್ಲಿ ಪ್ರಕಟವಾದಾಗ ಗಾಂಜಾ ಬಳಕೆ ಕಡಿಮೆಯಾದ ಕುರುಹು ಸಿಗಲಿಲ್ಲ. ಜಾಹೀರಾತನ್ನು ಹೆಚ್ಚು ನೋಡಿದವರಲ್ಲಿ ವಿರೋಧದ ಮನೋಭಾವ ಸಡಿಲವಾದ ಸೂಚನೆಗಳೇ ಇದ್ದವು. ಸಂಶೋಧಕರು ಊಹಿಸಿದ ಒಂದು ಕಾರಣ ಬಹಳ ಸರಳ. ಇಷ್ಟೊಂದು ಪ್ರಚಾರ ಮಾಡುತ್ತಿದ್ದಾರೆಂದರೆ ಎಲ್ಲರೂ ಸೇದುತ್ತಿರಬೇಕು ಎಂದು ಮಕ್ಕಳಿಗೆ ಅನ್ನಿಸಿರಬಹುದು.

ಹದಿನೈದು ಬಗೆಯ ಅಮಲಿನ ಹೆಸರು ಕೇಳಿ ಮನೆಗೆ ಹೋದ ನಮ್ಮ ಎರಡನೇ ತರಗತಿಯ ಮಗುವನ್ನು ನೆನಪಿಸಿಕೊಳ್ಳಿ. ನಾವು ಎಚ್ಚರಿಸಿದೆವೋ, ಪರಿಚಯಿಸಿದೆವೋ?

ಹಳ್ಳಿಗೆ ಬಂದ ಮಾತ್ರೆ

ಈ ಪಾಠದ ದೊಡ್ಡ ಸೋಲು ಗೊತ್ತಾದದ್ದು ಅಮೆರಿಕದ ಹಳ್ಳಿಗಾಡಿನಲ್ಲಿ. ಡೇರ್ ತಲೆಮಾರಿನ ಮಕ್ಕಳಿಗೆ ಕಲಿಸಿದ್ದು ಅಪರಿಚಿತನ ಬಗ್ಗೆ. ಬೀದಿಯ ಮೂಲೆಯಲ್ಲಿ ನಿಂತು ಪೊಟ್ಟಣ ಚಾಚುವವನಿಗೆ ಬೇಡ ಎನ್ನು. ಆದರೆ 1996ರಲ್ಲಿ ಮಾರುಕಟ್ಟೆಗೆ ಬಂದ ಆಕ್ಸಿಕಾಂಟಿನ್ ಎಂಬ ನೋವಿನ ಮಾತ್ರೆಯನ್ನು ಅಪರಿಚಿತ ಕೊಡಲಿಲ್ಲ. ವೈದ್ಯರು ಚೀಟಿ ಬರೆದರು, ಔಷಧಿ ಅಂಗಡಿಯವರು ಕೊಟ್ಟರು, ಅಜ್ಜಿ ಕಪಾಟಿನಲ್ಲಿ ಇಟ್ಟಳು. ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಗಣಿ ಪ್ರದೇಶದಲ್ಲಿ ಕರ್ಮಿಟ್ ಎಂಬ ಊರಿದೆ. ಜನಸಂಖ್ಯೆ ಸುಮಾರು 400. ಅಲ್ಲಿನ ಒಂದೇ ಔಷಧಿ ಅಂಗಡಿಗೆ ಎರಡು ವರ್ಷಗಳಲ್ಲಿ ಸುಮಾರು 90 ಲಕ್ಷ ನೋವಿನ ಮಾತ್ರೆಗಳು ಪೂರೈಕೆಯಾದುದನ್ನು ಸ್ಥಳೀಯ ಪತ್ರಿಕೆಯೊಂದರ ವರದಿಗಾರ ಎರಿಕ್ ಐಯರ್ ಬಯಲಿಗೆಳೆದರು. ಅದಕ್ಕಾಗಿ ಅವರಿಗೆ 2017ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಆಕ್ಸಿಕಾಂಟಿನ್ ತಯಾರಿಸಿದ ಪರ್ಡ್ಯೂ ಕಂಪೆನಿ ತನ್ನ ಮಾತ್ರೆ ಚಟ ಹಿಡಿಸುವುದು ಕಡಿಮೆ ಎಂದು ತಪ್ಪು ಪ್ರಚಾರ ಮಾಡಿದ್ದನ್ನು 2007ರಲ್ಲೇ ನ್ಯಾಯಾಲಯದಲ್ಲಿ ಒಪ್ಪಿಕೊಂಡಿತ್ತು.

ಗಣಿ ಮುಚ್ಚಿದ ಊರು, ಬೆನ್ನುನೋವಿನ ಗಂಡಸರು, ಕೆಲಸವಿಲ್ಲದ ಯುವಕರು, ಊರ ತುಂಬ ಮಾತ್ರೆ. 2021 ಮತ್ತು 2022ರಲ್ಲಿ ಅಮೆರಿಕದಲ್ಲಿ ಮಾದಕ ವಸ್ತುಗಳ ಅತಿಸೇವನೆಯಿಂದ ಸತ್ತವರು ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು. 2024ರಲ್ಲಿ ಆ ಸಂಖ್ಯೆ ಗಣನೀಯವಾಗಿ ಇಳಿಯಿತು, ಆದರೂ ಸುಮಾರು 80 ಸಾವಿರವಿತ್ತು. ಆ ಹಳ್ಳಿಗಳಲ್ಲಿ ಎಷ್ಟೋ ಮಕ್ಕಳು ಅಜ್ಜ ಅಜ್ಜಿಯರ ಮನೆಯಲ್ಲಿ ಬೆಳೆಯುತ್ತಿದ್ದಾರೆ. ಅಂತಹ ಮಗುವಿನ ಮುಂದೆ ನಿಂತು 'ಡ್ರಗ್ಸ್ ತೆಗೆದುಕೊಳ್ಳುವವರು ಕೆಟ್ಟವರು' ಎಂದು ಹೇಳಿದರೆ ಅದು ಕೇಳಿಸಿಕೊಳ್ಳುವುದು ಒಂದೇ ಮಾತು: 'ನಿನ್ನ ಅಮ್ಮ ಕೆಟ್ಟವಳು.' ನಮ್ಮ ನಾಲ್ಕನೇ ತರಗತಿಯ ಹುಡುಗಿ ಬಾಯಿಬಿಟ್ಟು ಕೇಳಿದಳು. ಕೇಳದೆ ನುಂಗಿಕೊಂಡವರು ಎಷ್ಟೋ.

ಎರಡು ಕೆಲಸ, ಒಬ್ಬನೇ ಸ್ವಯಂಸೇವಕ

ಈ ಶಾಲೆಗಳಿಗೆ ಬರುವ ಸ್ವಯಂಸೇವಕರ ವಿಷಯಕ್ಕೆ ಬರೋಣ. ಅಮೆರಿಕದಲ್ಲಿ ಒಂದು ವರ್ಷ ಸಮಾಜ ಸೇವೆಗೆ ಹೋಗುವ ಸರಕಾರಿ ವ್ಯವಸ್ಥೆಯಿದೆ. ಬಡತನದ ವಿರುದ್ಧ ಹೋರಾಡಲು 1965ರಲ್ಲಿ ಹಳ್ಳಿಗಳಿಗೂ ಕೊಳೆಗೇರಿಗಳಿಗೂ ಯುವಜನರನ್ನು ಕಳುಹಿಸಿದ 'ವಿಸ್ಟಾ' ಇದರ ಮೊದಲ ರೂಪ. 1993ರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಹೊಸ ಕಾನೂನಿಗೆ ಸಹಿ ಹಾಕಿದ ಮೇಲೆ 'ಅಮೆರಿಕೋರ್' ಹುಟ್ಟಿತು. 1994ರಲ್ಲಿ ಅದರ ಮೊದಲ ತಂಡ ಕೆಲಸಕ್ಕಿಳಿಯಿತು. ಇವರಿಗೆ ಸಂಬಳವಿಲ್ಲ, ಜೀವನ ನಡೆಸುವಷ್ಟು ಭತ್ಯೆ ಇದೆ. ಅವಧಿ ಮುಗಿದಾಗ ಕಾಲೇಜು ಶುಲ್ಕಕ್ಕೋ ಶಿಕ್ಷಣ ಸಾಲಕ್ಕೋ ಒಂದಿಷ್ಟು ಹಣ ಸಿಗುತ್ತದೆ.

ಹಳ್ಳಿಯ ಪ್ರಾಥಮಿಕ ಶಾಲೆಗೆ ಹೋದ ಇಂತಹ ಸ್ವಯಂಸೇವಕನ ಪಾಲಿಗೆ ಎಷ್ಟೋ ಕಡೆ ಎರಡು ಕೆಲಸಗಳು ಬರುತ್ತವೆ. ಒಂದು, ಓದಿನಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಓದಿಸುವುದು. ಎರಡು, ಮಾದಕ ವಸ್ತುಗಳ ವಿರುದ್ಧ ಪಾಠ ಮಾಡುವುದು, ಅಕ್ಟೋಬರ್ ಕೊನೆಯ 'ಕೆಂಪು ರಿಬ್ಬನ್ ವಾರ'ದಲ್ಲಿ ಪೋಸ್ಟರ್, ಮೆರವಣಿಗೆ, ಪ್ರತಿಜ್ಞೆ ಏರ್ಪಡಿಸುವುದು. ವರದಿಯಲ್ಲಿ ಮೊದಲನೆಯದು 'ಶಿಕ್ಷಣ' ಎಂಬ ಕಲಮಿಗೆ, ಎರಡನೆಯದು 'ಮಾದಕ ವಸ್ತು ತಡೆ' ಎಂಬ ಕಲಮಿಗೆ ಹೋಗುತ್ತದೆ. ನನ್ನ ಆಕ್ಷೇಪ ಇರುವುದು ಈ ವಿಂಗಡಣೆಯ ಮೇಲೆ. ಶಿಕ್ಷಣ ಎಂಬ ಕಲಮಿನಲ್ಲಿ ಬರೆದದ್ದೇ ನಿಜವಾದ ತಡೆ. ತಡೆ ಎಂದು ಬರೆದದ್ದು ಬಹುಪಾಲು ಉತ್ಸವ.

ಹೀಗೆ ಹೇಳಲು ಆಧಾರವಿದೆ. ಮಿನ್ನೆಸೋಟ ರಾಜ್ಯದಲ್ಲಿ 2003ರಲ್ಲಿ ಆರಂಭವಾದ 'ರೀಡಿಂಗ್ ಕೋರ್'ನಲ್ಲಿ ಅಮೆರಿಕೋರ್ ಸ್ವಯಂಸೇವಕರು ಶಿಶುವಿಹಾರದಿಂದ ಮೂರನೇ ತರಗತಿಯವರೆಗಿನ ಮಕ್ಕಳಿಗೆ ಓದು ಕಲಿಸುತ್ತಾರೆ. ಒಂದು ಮಗುವಿಗೆ ದಿನಕ್ಕೆ 20 ನಿಮಿಷ, ವಾರದ ಐದೂ ದಿನ. ಏನು ಓದಿಸಬೇಕು, ಹೇಗೆ ತಿದ್ದಬೇಕು ಎಂಬ ತರಬೇತಿಯನ್ನು ಮೊದಲೇ ಕೊಟ್ಟಿರುತ್ತಾರೆ. ಮಗು ಒಂದು ನಿಮಿಷದಲ್ಲಿ ಎಷ್ಟು ಓದುತ್ತದೆ ಎಂದು ವಾರಕ್ಕೊಮ್ಮೆ ನೋಡಿ ಬರೆದಿಡುತ್ತಾರೆ. ಶಾಲೆಯ ಅನುಭವಿ ಶಿಕ್ಷಕರೊಬ್ಬರು ಅವರ ಬೆನ್ನಿಗಿರುತ್ತಾರೆ. ಸ್ವತಂತ್ರ ಸಂಸ್ಥೆಯೊಂದು ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ ಅಧ್ಯಯನದಲ್ಲಿ ಪಾಠ ಪಡೆದ ಪುಟ್ಟ ಮಕ್ಕಳು ಸ್ಪಷ್ಟವಾಗಿ ಮುಂದಿದ್ದರು. ಮಗು ಎಷ್ಟು ಚಿಕ್ಕದೋ ಲಾಭ ಅಷ್ಟು ಹೆಚ್ಚು. ಮೂರನೇ ತರಗತಿಗೆ ಬರುವಾಗ ಪರಿಣಾಮ ಇಳಿದಿತ್ತು. ಇಷ್ಟು ಪ್ರಾಮಾಣಿಕವಾಗಿ ತನ್ನ ಮಿತಿಯನ್ನೂ ಹೇಳುವ ಅಧ್ಯಯನವನ್ನು ನಂಬಬಹುದು.

ಓದಿಗೂ ಅಮಲಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಶಿಕ್ಷಕರನ್ನು ಕೇಳಿ ನೋಡಿ. ಮೂರನೇ ತರಗತಿಯಲ್ಲಿ ಓದಲು ಬಾರದ ಹುಡುಗ ಐದರಲ್ಲಿ ಹಿಂದಿನ ಬೆಂಚಿಗೆ ಹೋಗುತ್ತಾನೆ, ಏಳರಲ್ಲಿ ಆಗಾಗ ತಪ್ಪಿಸಿಕೊಳ್ಳುತ್ತಾನೆ, ಎಂಟು ಒಂಬತ್ತರಲ್ಲಿ ಶಾಲೆ ಬಿಡುತ್ತಾನೆ. ಶಾಲೆಯಲ್ಲಿ ದಿನವೂ ಅವಮಾನವಾಗುವವನಿಗೆ ಮರ್ಯಾದೆ ಸಿಗುವ ಜಾಗ ಅಂಗಡಿ ಕಟ್ಟೆಯೊಂದೇ. ಅಲ್ಲಿ ಅವನ ಕೈಗೆ ಬರುವುದು ಮೊದಲು ಗುಟ್ಕಾ ಪೊಟ್ಟಣ, ಆಮೇಲೆ ಬೀಡಿ, ಆಮೇಲೆ ಮತ್ತೊಂದು. ಅವನು ಬೇಡ ಎನ್ನಬೇಕಾದರೆ, ಬೇಡ ಎಂದ ಮೇಲೆ ಹೋಗಿ ನಿಲ್ಲಲು ಬೇರೊಂದು ಜಾಗ ಬೇಕು. ಆ ಜಾಗವನ್ನು ಪ್ರತಿಜ್ಞೆ ಕೊಡುವುದಿಲ್ಲ, ಓದಲು ಬಂದ ಧೈರ್ಯ ಕೊಡುತ್ತದೆ.

ಅಮಲಿನ ಹೆಸರೇ ಎತ್ತದ ಪಾಠ

ಇದಕ್ಕಿಂತ ಬಲವಾದ ಸಾಕ್ಷಿ ಇನ್ನೊಂದಿದೆ. 1969ರಲ್ಲಿ ಅಮೆರಿಕದ ಮೂವರು ಸಂಶೋಧಕರು ಗಲಾಟೆ ಮಾಡುವ ನಾಲ್ಕನೇ ತರಗತಿಯೊಂದರಲ್ಲಿ ಒಂದು ಸರಳ ಆಟವನ್ನು ಪ್ರಯೋಗಿಸಿದರು. 'ಗುಡ್ ಬಿಹೇವಿಯರ್ ಗೇಮ್' ಎಂದು ಅದರ ಹೆಸರು. ತರಗತಿಯನ್ನು ತಂಡಗಳಾಗಿ ಮಾಡುವುದು. ಪಾಠದ ಹೊತ್ತಿನಲ್ಲಿ ನಿಯಮ ಮುರಿದರೆ ಇಡೀ ತಂಡಕ್ಕೆ ಒಂದು ಗುರುತು. ಗುರುತು ಕಡಿಮೆಯಿದ್ದ ತಂಡಗಳೆಲ್ಲ ಗೆದ್ದಂತೆ, ಎಲ್ಲರೂ ಗೆಲ್ಲಬಹುದು. ಬಹುಮಾನವೆಂದರೆ ಹೆಚ್ಚುವರಿ ಬಿಡುವು ಅಥವಾ ಒಂದು ಸಣ್ಣ ಮೆಚ್ಚುಗೆ. ಅಷ್ಟೇ.

1985ರಲ್ಲಿ ಬಾಲ್ಟಿಮೋರ್ ನಗರದ ಸರಕಾರಿ ಶಾಲೆಗಳ ಒಂದನೇ ತರಗತಿಗಳಲ್ಲಿ ಇದನ್ನು ಆಡಿಸಿದರು. ಶೆಪರ್ಡ್ ಕೆಲ್ಲಮ್ ಮತ್ತು ಅವರ ಸಂಗಡಿಗರು ಆ ಮಕ್ಕಳನ್ನು 19ರಿಂದ 21ರ ವಯಸ್ಸಿನವರೆಗೆ ಹಿಂಬಾಲಿಸಿದರು. 2008ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಸಾಮಾನ್ಯ ತರಗತಿಯಲ್ಲಿದ್ದ ಹುಡುಗರಲ್ಲಿ ಶೇ. 38ರಷ್ಟು ಮಂದಿ ಮಾದಕ ವಸ್ತುಗಳ ಚಟ ಅಥವಾ ದುರ್ಬಳಕೆಗೆ ಒಳಗಾಗಿದ್ದರೆ, ಆಟ ಆಡಿದ ತರಗತಿಯ ಹುಡುಗರಲ್ಲಿ ಅದು ಶೇ. 19. ಅರ್ಧಕ್ಕೆ ಅರ್ಧ. ಒಂದನೇ ತರಗತಿಯಲ್ಲೇ ಜಗಳಗಂಟರೆನಿಸಿಕೊಂಡಿದ್ದ ಹುಡುಗರಿಗೆ ಆದ ಲಾಭ ಇನ್ನೂ ಹೆಚ್ಚು.

ಆ ತರಗತಿಯಲ್ಲಿ ಯಾರೂ ಗಾಂಜಾ ಎಂಬ ಪದ ಉಚ್ಚರಿಸಿರಲಿಲ್ಲ. ತಲೆಬುರುಡೆಯ ಚಿತ್ರ ಅಂಟಿಸಿರಲಿಲ್ಲ. ಮಕ್ಕಳು ಕಲಿತದ್ದು ತಾಳ್ಮೆಯಿಂದ ಕೂರುವುದನ್ನು, ಇನ್ನೊಬ್ಬರ ಜೊತೆ ಸೇರಿ ಗೆಲ್ಲುವುದನ್ನು, ಶಾಲೆ ಎಂದರೆ ತಮ್ಮದೂ ಜಾಗವೆಂಬುದನ್ನು. ಹದಿನೈದು ವರ್ಷಗಳ ನಂತರ ಯಾರೋ ಏನನ್ನೋ ಚಾಚಿದಾಗ ಕೆಲಸಕ್ಕೆ ಬಂದದ್ದು ಅದೇ.

ಹಾಗಾದರೆ ಏನೂ ಹೇಳಬಾರದೇ?

ಈ ವಾದವನ್ನು ಅತಿಗೆ ಒಯ್ಯಬಾರದು. ಮಾದಕ ವಸ್ತುಗಳ ಬಗ್ಗೆ ಮಕ್ಕಳಿಗೆ ಏನನ್ನೂ ಹೇಳಬಾರದು ಎಂದು ನಾನು ಹೇಳುತ್ತಿಲ್ಲ. ಯಾವ ವಯಸ್ಸಿಗೆ, ಯಾರು, ಹೇಗೆ ಹೇಳುತ್ತಾರೆ ಎಂಬುದು ಪ್ರಶ್ನೆ. ಹನ್ನೆರಡು ಹದಿಮೂರರ ಮಕ್ಕಳಿಗೆ ಗೆಳೆಯರ ಒತ್ತಾಯವನ್ನು ನಿಭಾಯಿಸುವುದು, ಸಿಟ್ಟು ಬೇಸರಗಳನ್ನು ಗುರುತಿಸುವುದು, ತಾನಾಗಿ ಯೋಚಿಸಿ ನಿರ್ಧರಿಸುವುದು ಮುಂತಾದ ಜೀವನ ಕೌಶಲಗಳನ್ನು ಆಡಿಸಿ, ಮಾತಾಡಿಸಿ ಕಲಿಸುವ ಪಾಠಗಳಿಂದ ಒಂದಿಷ್ಟು ಪ್ರಯೋಜನ ಕಂಡಿದೆ. ಡೇರ್ ಕೂಡ 2009ರಿಂದ ಹಳೆಯ ಉಪದೇಶ ಬಿಟ್ಟು ಇಂತಹ ಹೊಸ ಪಠ್ಯವನ್ನು ಅಳವಡಿಸಿಕೊಂಡಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಪ್ರೌಢಶಾಲೆಗಳಿಗಾಗಿ ಜೀವನ ಕೌಶಲ ಶಿಕ್ಷಣದ ಮಾದರಿಯನ್ನು ರೂಪಿಸಿ, ಶಿಕ್ಷಕರಿಗೇ ತರಬೇತಿ ಕೊಟ್ಟು ಅದನ್ನು ನಡೆಸಿದೆ. ಹೊರಗಿನವರು ಒಂದು ದಿನ ಬಂದು ಭಾಷಣ ಮಾಡುವುದಕ್ಕಿಂತ ದಿನವೂ ಕಾಣುವ ಶಿಕ್ಷಕರು ವರ್ಷವಿಡೀ ಮಾತಾಡುವುದು ಮೇಲು ಎಂಬುದು ಅದರ ಹಿಂದಿನ ತಿಳಿವಳಿಕೆ.

ಹಾಗೆಯೇ ಸ್ವಯಂಸೇವೆಯನ್ನು ಹೊಗಳುವಾಗಲೂ ಎಚ್ಚರ ಬೇಕು. ವರ್ಷಕ್ಕೊಮ್ಮೆ ಬದಲಾಗುವ ಯುವಕರು ಶಿಕ್ಷಕರ ಜಾಗ ತುಂಬಲಾರರು. ಮಗು ಒಬ್ಬರಿಗೆ ಹೊಂದಿಕೊಳ್ಳುವಷ್ಟರಲ್ಲಿ ಅವರು ಹೊರಟು ಹೋಗುತ್ತಾರೆ. ಕಡಿಮೆ ಭತ್ಯೆಗೆ ಸಿಗುತ್ತಾರೆಂದು ಇವರನ್ನು ಮುಂದಿಟ್ಟು ಶಿಕ್ಷಕರ ನೇಮಕ ಮಾಡದಿರುವುದು ಸರಕಾರಗಳಿಗೆ ಸುಲಭದ ದಾರಿಯೂ ಆಗಬಹುದು. ಅದಕ್ಕಿಂತ ದೊಡ್ಡ ಅಪಾಯವನ್ನು ಅಮೆರಿಕ 2025ರಲ್ಲಿ ಕಂಡಿತು. ಆ ವರ್ಷದ ಏಪ್ರಿಲ್‌ನಲ್ಲಿ ಟ್ರಂಪ್ ಆಡಳಿತ ಅಮೆರಿಕೋರ್‌ನ ಸುಮಾರು 40 ಕೋಟಿ ಡಾಲರ್ ಅನುದಾನವನ್ನು ಏಕಾಏಕಿ ರದ್ದು ಮಾಡಿತು. ಮೂವತ್ತು ಸಾವಿರಕ್ಕೂ ಹೆಚ್ಚು ಸ್ವಯಂಸೇವಕರ ಕೆಲಸ ಒಮ್ಮೆಲೇ ನಿಂತಿತು. ಹಲವು ರಾಜ್ಯಗಳು ನ್ಯಾಯಾಲಯಕ್ಕೆ ಹೋದವು, ಜೂನ್‌ನಲ್ಲಿ ಆ ರಾಜ್ಯಗಳಿಗೆ ಅನುದಾನ ಮರಳಿಸುವಂತೆ ಆದೇಶವಾಯಿತು. ಆದರೆ ಅಷ್ಟರಲ್ಲಿ ಅಲ್ಲಿನ ಶಾಲಾ ವರ್ಷವೇ ಮುಗಿಯುತ್ತ ಬಂದಿತ್ತು. ನಿನ್ನೆಯವರೆಗೆ ಪಕ್ಕದಲ್ಲಿ ಕುಳಿತು ಓದಿಸುತ್ತಿದ್ದವರು ಇಂದು ಯಾಕೆ ಬರಲಿಲ್ಲ ಎಂದು ಕೇಳಿದ ಮಗುವಿಗೆ ಬಜೆಟ್ಟಿನ ಭಾಷೆಯಲ್ಲಿ ಉತ್ತರ ಹೇಳಲಾಗದು. ಬಿಟ್ಟುಹೋಗುವವರನ್ನೇ ಮನೆಯಲ್ಲಿ ನೋಡಿ ಬೆಳೆದ ಮಗುವಿಗೆ ಇದು ಮತ್ತೊಂದು ಬಿಟ್ಟುಹೋಗುವಿಕೆ.

ನಮ್ಮ ಊರಿಗೆ ಬೇಕಾದದ್ದು

ನಮ್ಮಲ್ಲಿಯೂ ಸ್ವಯಂಸೇವಕರಿಗೆ ಕೊರತೆಯಿಲ್ಲ. ಗಾಂಧಿ ಜನ್ಮಶತಾಬ್ದಿಯ ವರ್ಷ 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳು ಪ್ರತಿ ವರ್ಷ ಹಳ್ಳಿಗಳಲ್ಲಿ ಏಳು ದಿನದ ಶಿಬಿರ ಮಾಡುತ್ತಾರೆ. 2020ರ ಆಗಸ್ಟ್ 15ರಂದು 272 ಜಿಲ್ಲೆಗಳಲ್ಲಿ ಶುರುವಾದ 'ನಶಾ ಮುಕ್ತ ಭಾರತ' ಅಭಿಯಾನ ಆಮೇಲೆ ಎಲ್ಲ ಜಿಲ್ಲೆಗಳಿಗೂ ಹಬ್ಬಿತು. ನಮ್ಮ ಕರಾವಳಿಯಲ್ಲಿ ಮಸೀದಿಯ ಜಮಾಅತ್‌ಗಳು, ಚರ್ಚುಗಳು, ಭಜನಾ ಮಂಡಳಿಗಳು, ಯುವಕ ಮಂಡಲಗಳು ಎಲ್ಲವೂ ಡ್ರಗ್ಸ್ ವಿರುದ್ಧ ಸಭೆ ಮಾಡುತ್ತವೆ. ಕಾಳಜಿ ನಿಜವಾದದ್ದೇ. ಆದರೆ ಎಲ್ಲೆಡೆ ಅದೇ ಬ್ಯಾನರು, ಅದೇ ಭಾಷಣ, ಅದೇ ಪ್ರತಿಜ್ಞೆ. ಎಷ್ಟು ಮಂದಿ ಪ್ರತಿಜ್ಞೆ ಮಾಡಿದರು ಎಂದು ಎಣಿಸಬಹುದು, ಪತ್ರಿಕೆಗೆ ಫೋಟೊ ಕಳುಹಿಸಬಹುದು. ಒಂದು ಮಗುವಿಗೆ ಓದಲು ಬಂತು ಎಂಬುದರ ಫೋಟೊ ತೆಗೆಯಲಾಗದು.

ಓದಿಸುವ ಸ್ವಯಂಸೇವೆ ನಮ್ಮ ದೇಶಕ್ಕೆ ಹೊಸದಲ್ಲ. 2001ರಿಂದ 2003ರವರೆಗೆ ಮುಂಬೈ ಮತ್ತು ವಡೋದರದಲ್ಲಿ 'ಪ್ರಥಮ್' ಸಂಸ್ಥೆ ಅದೇ ಪ್ರದೇಶದ ಯುವತಿಯರನ್ನು 'ಬಾಲಸಖಿ'ಯರನ್ನಾಗಿ ಸರಕಾರಿ ಶಾಲೆಗಳಿಗೆ ಕಳುಹಿಸಿತ್ತು. ಹಿಂದೆ ಬಿದ್ದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಪ್ರತ್ಯೇಕ ಕೂರಿಸಿ ಅಕ್ಷರ, ಲೆಕ್ಕ ಕಲಿಸುವುದು ಅವರ ಕೆಲಸ. ಮುಂದೆ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು ಪರೀಕ್ಷಿಸಿ ನೋಡಿದಾಗ ಮಕ್ಕಳ ಕಲಿಕೆ ಗಣನೀಯವಾಗಿ ಸುಧಾರಿಸಿತ್ತು. ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯ ಹಳ್ಳಿಗಳಲ್ಲಿ ಊರಿನ ಯುವಕ ಯುವತಿಯರೇ ನಡೆಸಿದ ಓದಿನ ಶಿಬಿರಗಳಿಗೆ ಬಂದ ಮಕ್ಕಳೂ ಓದು ಕಲಿತರು. ಅಲ್ಲಿನ ತೊಡಕು ಒಂದೇ, ಶಿಬಿರಕ್ಕೆ ಬಂದವರು ಕಡಿಮೆ. ಅಂದರೆ ಕಲಿಸುವುದು ಸಾಧ್ಯ. ಮಗುವನ್ನು ಅಲ್ಲಿಗೆ ಕರೆತರುವ ಕೆಲಸ ಊರಿನದು. ಆ ಕೆಲಸವನ್ನು ಜಮಾಅತ್ ಮಾಡಬಹುದು, ಯುವಕ ಮಂಡಲ ಮಾಡಬಹುದು, ಶಾಲಾಭಿವೃದ್ಧಿ ಸಮಿತಿ ಮಾಡಬಹುದು.

ಹಿರಿಯರಾದ ನಮ್ಮ ಹೊಣೆಯನ್ನೂ ಮರೆಯಬಾರದು. ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದು ಎಂಬ ಕಾನೂನು 2003ರಿಂದ ಇದೆ. ಆ ನೂರು ಗಜವನ್ನು ಅಳೆಯುವುದು ಮಗುವಿನ ಕೆಲಸವಲ್ಲ. ಕರ್ನಾಟಕ 2007ರ ಜುಲೈಯಲ್ಲಿ ಸಾರಾಯಿ ನಿಷೇಧಿಸಿತು, ಆದರೆ ಅಬಕಾರಿ ಆದಾಯ ಏರುತ್ತಲೇ ಹೋಗಿ ಈಗ ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿ ಮೀರಿದೆ. ಅಪ್ಪನ ಕೈಗೆ ಬಾಟಲಿ ತಲುಪಿಸಿ ತೆರಿಗೆ ಎತ್ತುವ ವ್ಯವಸ್ಥೆಯೇ ಮಗಳ ಕೈಯನ್ನು ಮುಂದಕ್ಕೆ ಚಾಚಿಸಿ ಪ್ರತಿಜ್ಞೆ ಮಾಡಿಸುತ್ತಿದೆ. ಕರ್ಮಿಟ್‌ಗೆ 90 ಲಕ್ಷ ಮಾತ್ರೆ ಸಾಗಿಸಿದವರೂ, ಆ ಊರಿನ ಮಕ್ಕಳಿಗೆ ಬೇಡ ಎನ್ನಲು ಕಲಿಸಿದವರೂ ಒಂದೇ ದೇಶದವರಾಗಿದ್ದರು.

ನಾನು ಕೇಳುವುದು ದೊಡ್ಡದೇನಲ್ಲ. ಮುಂದಿನ ಜೂನ್ 26ಕ್ಕೆ ಬ್ಯಾನರ್ ಕಟ್ಟುವ ಕಾಲೇಜು, ಆ ದಿನದ ಬದಲು ಹತ್ತು ವಿದ್ಯಾರ್ಥಿಗಳನ್ನು ವಾರಕ್ಕೆ ಎರಡು ಸಂಜೆ ಅದೇ ಶಾಲೆಗೆ ಒಂದು ವರ್ಷ ಕಳುಹಿಸಲಿ. ಒಬ್ಬರಿಗೆ ಮೂರು ಮಕ್ಕಳು, ಅದೇ ಮಕ್ಕಳು. ಕೈಯಲ್ಲಿ ಕಥೆ ಪುಸ್ತಕ, ಮುಂದೆ ಚಾಪೆ. ಮಾದಕ ವಸ್ತು ಎಂಬ ಮಾತೇ ಬರುವುದು ಬೇಡ.

ಆ ಹುಡುಗಿಯ ಪ್ರಶ್ನೆಗೆ ಅಂದು ವೇದಿಕೆಯಲ್ಲಿದ್ದ ನಾನೂ ಉತ್ತರ ಕೊಡಲಿಲ್ಲ. ಕೊಡಬೇಕಿದ್ದ ಉತ್ತರ ಇಷ್ಟೇ ಇತ್ತು: "ಇಲ್ಲ ಮಗೂ, ಅಪ್ಪ ಕೆಟ್ಟವರಲ್ಲ. ಅವರಿಗೊಂದು ಕಾಯಿಲೆ ಹಿಡಿದಿದೆ. ಅದು ನಿನ್ನ ತಪ್ಪಲ್ಲ, ಅದನ್ನು ಬಿಡಿಸುವುದು ನಿನ್ನ ಕೆಲಸವೂ ಅಲ್ಲ, ಅದು ದೊಡ್ಡವರ ಕೆಲಸ." ಆದರೆ ಈ ಮಾತನ್ನು ಇನ್ನೂರು ಮಕ್ಕಳ ಎದುರು ಮೈಕ್ ಹಿಡಿದು ಹೇಳಿದರೆ ಮಗು ನಂಬುವುದಿಲ್ಲ. ಪ್ರತಿ ವಾರ ಪಕ್ಕದಲ್ಲಿ ಕುಳಿತು ಪುಸ್ತಕ ಓದಿಸಿದ ಅಕ್ಕ ಒಂದು ಸಂಜೆ ಮೆಲ್ಲಗೆ ಹೇಳಿದರೆ ನಂಬುತ್ತದೆ. ಆ ಹುಡುಗಿ ಈಗ ಆರನೇ ತರಗತಿಯಲ್ಲಿದ್ದಾಳೆ.